ಬಿಲ್ಲಿನಲ್ಲಿ ಕಾಣದ ಸಂಬಳ

(ಮಾವ ಬೆಂಗಳೂರಿನಲ್ಲಿ ಕೂತು ತಿನ್ನುವ ಹಳೇ ಪದ್ಧತಿಯ ಉಡುಪಿ ಹೋಟೆಲ್ ನಡೆಸುವವರು. ಸೊಸೆ ಅವರ ಅಕ್ಕನ ಮಗಳು. ಕಾರ್ಮಿಕರ ಪರವಾಗಿ ವಾದಿಸುವ ವಕೀಲೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಸಂಜೆ ತಿಂಡಿಗೆ ಇನ್ನೂ ಹೊತ್ತಿದ್ದಾಗ ನಡೆದ ಮಾತುಕತೆ.)

ಸೊಸೆ: ಮಾವ, ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸಪ್ಲೈಯರ್‌ಗಳಿಗೆ ಸಂಬಳ ಕೊಡೋದು ನೀವೋ, ಗಿರಾಕಿಗಳೋ?

ಮಾವ: ಇದೆಂತ ಪ್ರಶ್ನೆ ಮಾರಾಯ್ತಿ! ಸಂಬಳ ನಾನೇ ಕೊಡ್ತೇನೆ. ಊಟ, ತಿಂಡಿ, ಮಲಗ್ಲಿಕ್ಕೆ ರೂಮು ಎಲ್ಲ ನನ್ನದೇ. ಗಿರಾಕಿಗೆ ಖುಷಿಯಾದ್ರೆ ಹತ್ತೋ ಇಪ್ಪತ್ತೋ ಬಿಟ್ಟು ಹೋಗ್ತಾನೆ. ಅದಕ್ಕೆ ನಾನು ಕೈ ಹಾಕುವವನಲ್ಲ.

ಸೊಸೆ: ಕೈ ಹಾಕಲ್ಲ, ಆದ್ರೆ ಲೆಕ್ಕಕ್ಕೆ ಹಿಡೀತೀರಿ. ಈಗ ಒಬ್ಬ ಹುಡುಗ ಕೆಲಸ ಕೇಳ್ಕೊಂಡು ಬಂದಿದ್ನಲ್ಲ, ಅವನಿಗೆ ನಿಮ್ಮ ಮ್ಯಾನೇಜರ್ ಏನಂದ್ರು? ‘ಸಂಬಳ ಇಷ್ಟು, ಮೇಲೆ ಟಿಪ್ಸ್ ಬರುತ್ತೆ.’ ನೀವು ಕೊಡದೇ ಇರೋ ದುಡ್ಡನ್ನ ನಿಮ್ಮ ಸಂಬಳದ ಜೊತೆ ಸೇರಿಸಿ ಹೇಳಿದ ಹಾಗಾಯ್ತು.

ಮಾವ: ಬರ್ತಿತ್ತು ಅನ್ನು. ಈಗೆಲ್ಲಿ? ಮೊದಲಿನ ಸಪ್ಲೈಯರ್‌ಗಳಿಗೆ ಅದರಲ್ಲೊಂದು ಕೈಚಳಕ ಇತ್ತು. ಬಿಲ್ಲು 162 ರೂಪಾಯಿ, ಗಿರಾಕಿ 200ರ ನೋಟು ಕೊಟ್ಟ ಅಂತಿಟ್ಕೊ. ಇವನು ಗಲ್ಲದ ಹತ್ರ ಬಂದು ‘ಒಡೆದು ಕೊಡಿ’ ಅಂತಿದ್ದ. ಇಪ್ಪತ್ತರದ್ದೊಂದು ನೋಟು, ಹತ್ತರದ್ದೊಂದು, ಐದರ ನಾಣ್ಯ ಒಂದು, ಒಂದರದ್ದು ಮೂರು. ಸೋಂಪಿನ ತಟ್ಟೆಯಲ್ಲಿ ನೋಟನ್ನ ಗಿರಾಕಿ ಕಡೆಗೂ ನಾಣ್ಯಗಳನ್ನ ತನ್ನ ಕಡೆಗೂ ಇಟ್ಟು, ಪಕ್ಕದ ಟೇಬಲ್ ಒರೆಸ್ತಾ ನಿಲ್ತಿದ್ದ. ಗಿರಾಕಿ ನೋಟು ಎತ್ತಿಕೊಂಡು ಹೋಗ್ತಿದ್ದ. ಮೂವತ್ತೆಂಟನ್ನೂ ಎತ್ತಿಕೊಳ್ಳೋಕೆ ಮನಸ್ಸು ಬರಬೇಕಲ್ಲ! ಈಗ ಫೋನು ತೆಗೀತಾರೆ, ಸ್ಕ್ಯಾನ್ ಮಾಡ್ತಾರೆ, 162ಕ್ಕೆ ಸರಿಯಾಗಿ 162. ಚಿಲ್ಲರೆಯೇ ಹುಟ್ಟುದಿಲ್ಲ, ಇನ್ನು ಟಿಪ್ಸ್ ಎಲ್ಲಿಂದ?

ಸೊಸೆ: ನೋಡಿ, ನನ್ನ ವಾದ ನೀವೇ ಮಾಡಿಬಿಟ್ರಿ. ಯುಪಿಐ ಬಂದಿದ್ದು 2016ರಲ್ಲಿ. ಅದು ಮನೆಮಾತಾಗೋ ಹೊತ್ತಿಗೆ ನಿಮ್ಮ ಹುಡುಗರ ಆದಾಯದಲ್ಲಿ ಒಂದು ಭಾಗ ಸದ್ದಿಲ್ಲದೆ ಕರಗಿಹೋಯ್ತು. ಯಾರೂ ನೋಟಿಸ್ ಕೊಡ್ಲಿಲ್ಲ, ಮಾತುಕತೆಗೆ ಕರೀಲಿಲ್ಲ. ಅದು ಸಂಬಳ ಆಗಿದ್ರೆ ಹಾಗೆ ತೆಗೆಯೋಕೆ ಆಗ್ತಿತ್ತಾ?

ಮಾವ: ಗಿರಾಕಿ ಫೋನಲ್ಲಿ ದುಡ್ಡು ಕೊಟ್ರೆ ಅದಕ್ಕೂ ನಾನೇ ಹೊಣೆಯಾ?

ಸೊಸೆ: ಗಿರಾಕಿಯ ಮರ್ಜಿಗೆ ನೀವು ಹೊಣೆ ಅಲ್ಲ. ಆ ಮರ್ಜಿಯ ಮೇಲೆ ಒಬ್ಬನ ಬದುಕನ್ನ ನಿಲ್ಲಿಸಿದ್ದಕ್ಕೆ ಹೊಣೆ. ಇನ್ನೊಂದು, ಟಿಪ್ಸ್ ಕಾನೂನಿನ ಲೆಕ್ಕಕ್ಕೆ ಸಂಬಳ ಅಲ್ಲ. 2016ರಲ್ಲಿ ಐಟಿಸಿ ಹೋಟೆಲ್‌ನ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನೇ ಹೇಳಿತು. ಕಾರ್ಡಿನಲ್ಲಿ ಬಂದ ಟಿಪ್ಸನ್ನ ಹೋಟೆಲಿನವರು ನೌಕರರಿಗೆ ಹಂಚಿದ್ರೂ ಅದು ಮಾಲೀಕ ಕೊಟ್ಟ ಸಂಬಳ ಆಗಲ್ಲ, ಗಿರಾಕಿಯ ದುಡ್ಡು ಅವರ ಕೈ ಹಾದು ಹೋಯ್ತು ಅಷ್ಟೇ ಅಂತ. ಸಂಬಳ ಅಲ್ಲದ್ದಕ್ಕೆ ಪಿಎಫ್ ಬೀಳಲ್ಲ, ಬೋನಸ್ ಇಲ್ಲ, ಗ್ರಾಚ್ಯುಟಿ ಇಲ್ಲ. ಹುಡುಗ ಮುದುಕನಾಗಿ ಊರಿಗೆ ಹೊರಟಾಗ, ಅಷ್ಟು ವರ್ಷ ತಟ್ಟೆಯಿಂದ ಎತ್ತಿದ ನಾಣ್ಯಕ್ಕೆ ಒಂದು ಪೈಸೆಯ ಲೆಕ್ಕವೂ ಇರಲ್ಲ.

ಮಾವ: ನೀನು ಹೇಳದ ಒಂದು ಅನ್ಯಾಯ ನಾನು ಹೇಳ್ತೇನೆ. ಗಿರಾಕಿ ದೋಸೆ ಚೆನ್ನಾಗಿದೆ ಅಂತ ಇಪ್ಪತ್ತು ರೂಪಾಯಿ ಇಟ್ಟ. ಸಿಕ್ಕಿದ್ದು ಯಾರಿಗೆ? ತಟ್ಟೆ ತಂದವನಿಗೆ. ಕಾವಲಿ ಮುಂದೆ ಬೆವರು ಸುರಿಸಿ ನಿಂತ ಭಟ್ಟರಿಗಲ್ಲ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಗ್ರೈಂಡರ್ ತೊಳೆದವನಿಗಲ್ಲ, ಎಲೆ ಎತ್ತೋ ಕ್ಲೀನರ್‌ಗಂತೂ ಅಲ್ಲವೇ ಅಲ್ಲ. ಒಳಗಿರುವವರು ಕಾಣೋದಿಲ್ಲ, ಕಾಣದವರಿಗೆ ಟಿಪ್ಸ್ ಇಲ್ಲ. ಇದಕ್ಕೇ ನಮ್ಮ ಕೆಲವರು ಸರ್ವಿಸ್ ಚಾರ್ಜ್ ಹಾಕಿದ್ದು. ಅದಕ್ಕೂ ಕಲ್ಲು ಬಿತ್ತು.

ಸೊಸೆ: ಬೀಳಬೇಕಾದ್ದೇ. ಮೆನುವಿನಲ್ಲಿ ಒಂದು ದರ ತೋರಿಸಿ, ಬಿಲ್ಲಿನ ಕೆಳಗೆ ನೂರಕ್ಕೆ ಹತ್ತು ಸೇರಿಸೋದು ಯಾವ ನ್ಯಾಯ? ಅದಕ್ಕೆ 2022ರ ಜುಲೈ 4ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿ, ಗಿರಾಕಿಯನ್ನ ಕೇಳದೆ ಸರ್ವಿಸ್ ಚಾರ್ಜ್ ಸೇರಿಸೋ ಹಾಗಿಲ್ಲ ಅಂದಿತು. ಹೋಟೆಲ್ ಒಕ್ಕೂಟಗಳು ದೆಹಲಿ ಹೈಕೋರ್ಟಿಗೆ ಹೋಗಿ ತಡೆ ತಂದವು. 2025ರ ಮಾರ್ಚ್ 28ಕ್ಕೆ ಅದೇ ಹೈಕೋರ್ಟು ಮಾರ್ಗಸೂಚಿ ಎತ್ತಿಹಿಡಿದು, ಅರ್ಜಿ ಹಾಕಿದವರಿಗೆ ತಲಾ ಒಂದು ಲಕ್ಷ ದಂಡ ಹಾಕಿತು. ಸರ್ವಿಸ್ ಚಾರ್ಜ್ ಎಷ್ಟು ಕಡೆ ಪೂರ್ತಿ ನೌಕರರ ಕೈ ಸೇರ್ತಿತ್ತು ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮಾವ: ಗೊತ್ತು, ಅದಕ್ಕೇ ನಾನು ಹಾಕ್ಲಿಲ್ಲ. ಹಾಗಾದ್ರೆ ಟಿಪ್ಸೂ ಬೇಡ, ಸರ್ವಿಸ್ ಚಾರ್ಜೂ ಬೇಡ. ಎಂತ ಮಾಡ್ಬೇಕು ಅಂತ ನಿನ್ನ ಅಭಿಪ್ರಾಯ?

ಸೊಸೆ: ಸಂಬಳ ಏರಿಸಿ. ಅದನ್ನ ದೋಸೆಯ ದರದಲ್ಲೇ ತೋರಿಸಿ.

ಮಾವ: ಬಾಯಲ್ಲಿ ಹೇಳ್ಲಿಕ್ಕೆ ಸುಲಭ. ಲೆಕ್ಕಕ್ಕೆ ಬಾ. ಕೆಲಸದವರು 30 ಜನ. ತಲೆಗೆ 3,000 ಏರಿಸಿದ್ರೆ ತಿಂಗಳಿಗೆ 90,000. ಅಲ್ಲಿಗೆ ಮುಗೀಲಿಲ್ಲ. ಪಿಎಫ್‌ಗೆ ನನ್ನ ಪಾಲು, ಇಎಸ್‌ಐಗೆ ನೂರಕ್ಕೆ 3.25, ಕನಿಷ್ಠ ಬೋನಸ್ಸು ನೂರಕ್ಕೆ 8.33, ಗ್ರಾಚ್ಯುಟಿಗೆ ಅಂತ ಎತ್ತಿಡೋದು ಬೇರೆ. ಎಲ್ಲ ಸೇರಿ 1,16,000ದ ಹತ್ತಿರ ನಿಲ್ತದೆ.

ಸೊಸೆ: ದಿನಕ್ಕೆ ಎಷ್ಟು ಬಿಲ್ಲು ಆಗುತ್ತೆ?

ಮಾವ: ರಜೆ, ಮಳೆ ಎಲ್ಲ ಹಿಡಿದು 1,200 ಅನ್ನು.

ಸೊಸೆ: ಅಂದ್ರೆ ದಿನಕ್ಕೆ 3,900 ರೂಪಾಯಿಯ ಆಸುಪಾಸು. ಬಿಲ್ಲಿಗೆ ಮೂರೂಕಾಲು ರೂಪಾಯಿ. ಮಾವ, ಮೂವತ್ತು ಸಂಸಾರಕ್ಕೆ ತಿಂಗಳಿಗೆ ಮೂರು ಸಾವಿರ ಹೆಚ್ಚಿಗೆ ಸಿಗೋಕೆ ಗಿರಾಕಿ ಕೊಡಬೇಕಾದ್ದು ಇಷ್ಟೇನಾ?

ಮಾವ: ಕಾಗದದ ಮೇಲೆ ಇಷ್ಟೇ. ಆದ್ರೆ ಮೂರೂಕಾಲು ರೂಪಾಯಿ ಏರಿಸ್ಲಿಕ್ಕೆ ಬರುದಿಲ್ಲ, ಐದು ಏರಿಸ್ಬೇಕು. ಕಾಫಿಗೆ ಐದು ರೂಪಾಯಿ ಏರಿತು ಅಂದ್ರೆ ಟಿವಿಯವರು ಮೈಕು ಹಿಡ್ಕೊಂಡು ಬರ್ತಾರೆ. ಮಾಲ್‌ನಲ್ಲಿ ಒಂದು ಲೋಟಕ್ಕೆ 300 ತೆತ್ತು ಬಂದವರೇ ಇಲ್ಲಿ ‘ಏನ್ರೀ ಇದು ಸುಲಿಗೆ’ ಅಂತಾರೆ. ಉಡುಪಿ ಹೋಟೆಲು ಅಂದ್ರೆ ಅಗ್ಗ ಇರ್ಬೇಕು ಅಂತ ಜನರ ತಲೆಯಲ್ಲಿ ಕೂತುಬಿಟ್ಟಿದೆ.

ಸೊಸೆ: ಹಾಲು, ಕಾಫಿಪುಡಿ, ಗ್ಯಾಸು ಏರಿದಾಗ ನೀವು ದರ ಏರಿಸಿಲ್ವಾ? ಗೊಣಗಿದವರು ಮಾರನೇ ದಿನ ಬರ್ಲಿಲ್ವಾ?

ಮಾವ: ಬಂದ್ರು. ಯಾಕೆ ಅಂದ್ರೆ ಹಾಲು ಏರಿದ್ರೆ ಇಡೀ ರಸ್ತೆಗೇ ಏರ್ತದೆ. ಎಲ್ಲ ಹೋಟೆಲಿನವರೂ ಒಟ್ಟಿಗೆ ಬೋರ್ಡು ಬದಲಾಯಿಸ್ತಾರೆ. ಸಂಬಳ ಹಾಗಲ್ಲ. ನಾನು ಏರಿಸಿದ್ರೆ ನನಗೊಬ್ಬನಿಗೇ ಏರೋದು. ನನ್ನ ಬಲಕ್ಕಿರೋ ಹೋಟೆಲಿನವನು ರಿಜಿಸ್ಟರಿನಲ್ಲಿ ಎಂಟೇ ಹೆಸರು ಬರೆದಿದ್ದಾನೆ. ಹತ್ತಾದ್ರೆ ಇಎಸ್‌ಐ, ಇಪ್ಪತ್ತಾದ್ರೆ ಪಿಎಫ್ ಅಂತ ಅವನಿಗೆ ಚೆನ್ನಾಗಿ ಗೊತ್ತುಂಟು. ಒಳಗೆ ಹೋಗಿ ತಲೆ ಎಣಿಸು, ಇಪ್ಪತ್ತೈದು ಜನ ಇದ್ದಾರೆ. ಅವನ ದೋಸೆ ನನ್ನದಕ್ಕಿಂತ ಹತ್ತು ರೂಪಾಯಿ ಕಡಿಮೆ. ಆ ಹತ್ತು ರೂಪಾಯಿ ಬಂದದ್ದು ಹಿಟ್ಟಿನಲ್ಲಿ ಉಳಿಸಿ ಅಲ್ಲ, ಹುಡುಗರಲ್ಲಿ ಉಳಿಸಿ.

ಸೊಸೆ: ಈಗ ಸರಿಯಾದ ಜಾಗಕ್ಕೆ ಬಂದ್ರಿ. ಇಷ್ಟು ಹೊತ್ತು ಇದು ಮಾಲೀಕ ಮತ್ತು ಕೆಲಸಗಾರನ ಜಗಳ ಅಂತ ಮಾತಾಡ್ತಿದ್ವಿ.

ಮಾವ: ನೋಡು, ಮಗಳ ಮನೆಗೆ ಅಂತ ಸಿಯಾಟಲ್‌ಗೆ ಹೋಗಿದ್ನಲ್ಲ, ಅಲ್ಲೂ ಇದೇ ಕಥೆ. ಒಂದು ಕಾಫಿ ಕೊಂಡ್ರೂ ಮುಖದ ಮುಂದೆ ಸ್ಕ್ರೀನು ತಿರುಗಿಸ್ತಾರೆ: 18, 20, 22 ಪರ್ಸೆಂಟು. ಹಿಂದೆ ನಿಂತವರು ನೋಡ್ತಿರ್ತಾರೆ. ಒತ್ತದೆ ಇರ್ಲಿಕ್ಕೆ ಧೈರ್ಯ ಬೇಕು. ಅಮೆರಿಕದಂಥ ದೇಶದಲ್ಲೂ ಸಂಬಳ ಗಿರಾಕಿ ತಲೆ ಮೇಲೇ ಅಲ್ವಾ?

ಸೊಸೆ: ನೀವು ಹೋದ ಊರು ಅದಕ್ಕೆ ಅಪವಾದ. ಅಮೆರಿಕದಲ್ಲಿ ಕೇಂದ್ರದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, 2009ರಿಂದ ಏರಿಲ್ಲ. ಟಿಪ್ಸ್ ಪಡೆಯೋ ಕೆಲಸದವರಿಗೆ ಮಾಲೀಕ ಕೈಯಿಂದ ಕೊಡಬೇಕಾದ್ದು ಬರೀ 2.13 ಡಾಲರ್, ಅದು 1991ರಿಂದ ನಿಂತಲ್ಲೇ ನಿಂತಿದೆ. ಮಿಕ್ಕಿದ್ದನ್ನ ಗಿರಾಕಿ ತುಂಬಬೇಕು. ತುಂಬದಿದ್ರೆ ಮಾಲೀಕ ತುಂಬಬೇಕು ಅಂತ ಕಾನೂನು. ಅದನ್ನ ಕೇಳೋಕೆ ಕೆಲಸಗಾರನಿಗೆ ಬಾಯಿ ಬರಬೇಕಲ್ಲ. ಟೆಕ್ಸಸ್‌ನಲ್ಲಿ ಇವತ್ತಿಗೂ ಅದೇ 2.13. ಆದ್ರೆ ವಾಷಿಂಗ್ಟನ್, ಕ್ಯಾಲಿಫೋರ್ನಿಯಾ, ಒರೆಗಾನ್, ನೆವಾಡ, ಮಿನೆಸೊಟ, ಮೊಂಟಾನಾ, ಅಲಾಸ್ಕಾ, ಈ ಏಳು ರಾಜ್ಯಗಳಲ್ಲಿ ಟಿಪ್ಸ್ ಲೆಕ್ಕ ತೋರಿಸಿ ಸಂಬಳ ಕಡಿಮೆ ಮಾಡೋ ಹಾಗಿಲ್ಲ. ಸಿಯಾಟಲ್‌ನಲ್ಲಿ 2025ರಲ್ಲಿ ಕನಿಷ್ಠ ವೇತನ ಗಂಟೆಗೆ 20.76 ಡಾಲರ್ ಇತ್ತು. ಅಲ್ಲಿ ಹೋಟೆಲುಗಳು ಮುಚ್ಚಿಹೋಗಿದ್ವಾ?

ಮಾವ: ಮುಚ್ಚಿರ್ಲಿಲ್ಲ, ಆದ್ರೆ ಒಂದು ಮಸಾಲೆ ದೋಸೆಯ ದರ ನೋಡಿ ನನ್ನ ಹಸಿವೇ ಹೋಯ್ತು. ಇರ್ಲಿ. ನ್ಯೂಯಾರ್ಕಿನಲ್ಲಿ ಒಬ್ಬ ದೊಡ್ಡ ಹೋಟೆಲಿನವನು ಟಿಪ್ಸೇ ಬೇಡ ಅಂತ ಮಾಡಿ ಸೋತ ಅಂತ ಅಳಿಯ ಹೇಳ್ತಿದ್ದ.

ಸೊಸೆ: ಡ್ಯಾನಿ ಮೆಯರ್. 2015ರಲ್ಲಿ ತಮ್ಮ ಹೋಟೆಲುಗಳಲ್ಲಿ ಟಿಪ್ಸ್ ನಿಲ್ಲಿಸ್ತೀನಿ, ದರದಲ್ಲೇ ಸಂಬಳ ಸೇರಿಸ್ತೀನಿ, ಅಡುಗೆಮನೆಯವರಿಗೂ ಸರಿಪಾಲು ಸಿಗಲಿ ಅಂದ್ರು. ನೀವು ಈಗ ಹೇಳಿದ ಭಟ್ಟರ ಅನ್ಯಾಯವೇ ಅವರಿಗೂ ಕಂಡಿದ್ದು. 2020ರ ಜುಲೈನಲ್ಲಿ ಕೈಬಿಟ್ರು. ಅವರ ಮೆನು ಪಕ್ಕದವರ ಮೆನುಗಿಂತ ದುಬಾರಿ ಕಾಣ್ತಿತ್ತು, ಒಳ್ಳೇ ಟಿಪ್ಸ್ ಸಿಗ್ತಿದ್ದ ವೇಟರ್‌ಗಳು ಬೇರೆ ಕಡೆ ಹೊರಟ್ರು. ಆಮೇಲೆ ಕೋವಿಡ್ ಬಂತು.

ಮಾವ: ಮತ್ತೆ? ನಾನು ಹೇಳಿದ್ದೂ ಅದೇ ಅಲ್ವಾ? ಅಂಥ ಹೆಸರುವಾಸಿ ಮನುಷ್ಯನಿಗೇ ಆಗ್ಲಿಲ್ಲ.

ಸೊಸೆ: ಒಬ್ಬರೇ ಹೊರಟ್ರು, ಅದಕ್ಕೆ ಆಗ್ಲಿಲ್ಲ. ಏಳು ರಾಜ್ಯಗಳಲ್ಲಿ ಕಾನೂನು ಎಲ್ಲರನ್ನೂ ಒಟ್ಟಿಗೆ ಹೊರಡಿಸ್ತು, ಅಲ್ಲಿ ಆಯ್ತು. ಸಂಬಳ ಹಾಲಿನ ದರದ ಹಾಗೆ ಇಡೀ ರಸ್ತೆಗೆ ಒಟ್ಟಿಗೆ ಏರಬೇಕು.

ಮಾವ: ಆದ್ರೆ ಕೆಲಸದವರಿಗೇ ಅದು ಬೇಕಾ ಅಂತ ಕೇಳಿದ್ದೀಯಾ? ನನ್ನಲ್ಲಿ ಹಳಬನೊಬ್ಬ ಇದ್ದಾನೆ. ಗಿರಾಕಿ ಮುಖ ನೋಡಿದ್ರೆ ಸಾಕು, ಇವರಿಗೆ ಸಾಂಬಾರ್ ಬೇರೆ ಬಟ್ಟಲಲ್ಲಿ, ಇವರಿಗೆ ಕಾಫಿಗೆ ಸಕ್ಕರೆ ಕಡಿಮೆ ಅಂತ ಕೇಳದೆಯೇ ತಂದಿಡ್ತಾನೆ. ಅವನಿಗೆ ಟಿಪ್ಸ್ ಬೇಡ ಅಂದ್ರೆ ನನ್ನ ಮೇಲೇ ಜಗಳಕ್ಕೆ ಬರ್ತಾನೆ. ಸಂಬಳ ಊರಿಗೆ ಹೋಗ್ತದೆ, ಅವನ ಕೈಗೆ ದಿನಾ ಸಿಗೋ ದುಡ್ಡು ಅಂದ್ರೆ ಅದೊಂದೇ.

ಸೊಸೆ: ನಿಜ. ಅಮೆರಿಕದಲ್ಲೂ 2024ರ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಜನ ಇದೇ ವಿಷಯಕ್ಕೆ ಮತ ಹಾಕಿದ್ರು. ಟಿಪ್ಸಿನವರಿಗೂ ಪೂರ್ತಿ ಕನಿಷ್ಠ ವೇತನ ಕೊಡ್ಬೇಕು ಅನ್ನೋ ಪ್ರಸ್ತಾವ ಸೋತಿತು, ವಿರೋಧಿಸಿದವರಲ್ಲಿ ವೇಟರ್‌ಗಳೂ ಇದ್ರು. ಒಳ್ಳೇ ಹೋಟೆಲಿನಲ್ಲಿ, ಶುಕ್ರವಾರ ರಾತ್ರಿ ಪಾಳಿ ಸಿಕ್ಕವನಿಗೆ ಟಿಪ್ಸೇ ಲಾಭ. ಬೆಳಿಗ್ಗೆ ಪಾಳಿಯವನಿಗೆ, ಸಣ್ಣ ಊರಿನ ಹೋಟೆಲಿನವಳಿಗೆ ಅಲ್ಲ. ನಾನೇನು ಟಿಪ್ಸ್ ನಿಷೇಧಿಸಿ ಅಂತಿಲ್ಲ ಮಾವ. ನಿಮ್ಮ ಹಳಬ ಅದನ್ನ ಮೇಲುಸಂಪಾದನೆ ಅಂತ ಇಟ್ಕೊಳ್ಳಲಿ. ಬಾಡಿಗೆ, ಮಗಳ ಫೀಸು ಅದರಿಂದ ಕಟ್ಟೋ ಹಾಗೆ ಆಗಬಾರದು.

ಮಾವ: ಇನ್ನೊಂದು ಹೆದರಿಕೆ ಹೇಳ್ತೇನೆ. ಜಯನಗರದಲ್ಲಿ 1983ರಲ್ಲಿ ಕೆಫೆ ದರ್ಶಿನಿ ಶುರುವಾಯ್ತು. ಟೋಕನ್ ತಗೋ, ಕೌಂಟರಿನಲ್ಲಿ ತಟ್ಟೆ ಇಸ್ಕೋ, ನಿಂತ್ಕೊಂಡೇ ತಿನ್ನು. ಅದನ್ನ ನೋಡಿ ಊರು ತುಂಬ ದರ್ಶಿನಿಗಳು ಆದುವು. ಸಪ್ಲೈಯರ್ ಅನ್ನೋ ಕೆಲಸವೇ ಅಲ್ಲಿ ಇಲ್ಲ, ಇನ್ನು ಟಿಪ್ಸಿನ ಪ್ರಶ್ನೆ ಎಲ್ಲಿ? ನೀನು ಸಂಬಳ ಏರಿಸು ಏರಿಸು ಅಂತ ಹಿಂಡಿದ್ರೆ ನಾನೂ ಕುರ್ಚಿ ತೆಗೆದು ನಿಲ್ಲೋ ಟೇಬಲ್ ಹಾಕ್ತೇನೆ. ಹತ್ತು ಜನ ಮನೆಗೆ ಹೋಗ್ತಾರೆ. ಅದು ಒಳ್ಳೇದಾ?

ಸೊಸೆ: ದರ್ಶಿನಿ ಗೆದ್ದದ್ದು ಬಾಡಿಗೆಗೆ ಹೆದರಿ, ಜನರ ಅವಸರಕ್ಕೆ ಹೊಂದಿಕೊಂಡು. ಒಂದು ಕುರ್ಚಿಯ ಜಾಗದಲ್ಲಿ ಮೂವರು ನಿಂತು ತಿಂತಾರೆ. ಸಂಬಳ ಹೀಗೇ ಕಡಿಮೆ ಇದ್ದಾಗಲೇ ಅದೆಲ್ಲ ಆಗಿದ್ದು. ಇನ್ನೂ ಕಡಿಮೆ ಕೊಟ್ಟಿದ್ರೆ ಕುರ್ಚಿ ಉಳೀತಿತ್ತು ಅಂತ ನನಗೇನೂ ಅನ್ನಿಸಲ್ಲ.

ಮಾವ: ಬಾಡಿಗೆ ವಿಷಯ ಎತ್ತಿದ್ದು ಸರಿ. ಕೆಲಸಗಾರರೇ ಮಾಲೀಕರಾದ ಇಂಡಿಯಾ ಕಾಫಿ ಹೌಸ್ ಗೊತ್ತಲ್ವಾ? ಕಾಫಿ ಬೋರ್ಡಿನವರು ಮುಚ್ಚೋಕೆ ಹೊರಟಾಗ, ಎ.ಕೆ. ಗೋಪಾಲನ್ ಮುಂದೆ ನಿಂತು, 1957ರಲ್ಲಿ ಮೊದಲ ಸೊಸೈಟಿ ಆದದ್ದು ನಮ್ಮ ಬೆಂಗಳೂರಲ್ಲೇ. ಅಲ್ಲಿ ಲಾಭ ತಿನ್ನುವ ಮಾಲೀಕ ಯಾರೂ ಇಲ್ಲ. ಆದ್ರೂ 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗ್ಬೇಕಾಯ್ತು. ನನ್ನ ಗಲ್ಲಕ್ಕೆ ಬಿದ್ದ ದುಡ್ಡಲ್ಲಿ ಕಟ್ಟಡದವನು ಮೊದಲು ತಗೊಳ್ತಾನೆ, ಆ್ಯಪಿನವರು ಕಮಿಷನ್ ಮುರ್ಕೊಳ್ತಾರೆ, ಆಮೇಲೆ ಉಳಿದದ್ದರಲ್ಲಿ ನಾನೂ ಹುಡುಗರೂ ಕಿತ್ತಾಡ್ಬೇಕು.

ಸೊಸೆ: ಅದಕ್ಕೇ ಮಾವ, ಕಟ್ಟಡದವನ ಬಾಡಿಗೆ ತಿಂಗಳ ಮೊದಲನೇ ತಾರೀಖು ಹೋಗುತ್ತೆ, ಆ್ಯಪಿನವರು ದುಡ್ಡು ಕೊಡೋ ಮುಂಚೆಯೇ ಹಿಡ್ಕೋತಾರೆ. ಕೊಡದಿದ್ರೂ ನಡೆಯೋದು ಕೆಲಸಗಾರನದ್ದು ಒಂದೇ. ಹೊಂದಿಸೋಕೆ ಆಗದಾಗ ಕತ್ತರಿ ಬೀಳೋದು ಅಲ್ಲಿಗೇ. ಕನಿಷ್ಠ ವೇತನ ಅನ್ನೋ ಕಾನೂನು ಅವನನ್ನೂ ಆ ಸಾಲಿನಲ್ಲಿ ಮುಂದೆ ನಿಲ್ಲಿಸೋಕೆ ಹುಟ್ಟಿದ್ದು. 1961ರಲ್ಲಿ ಉನ್ನಿಚೋಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು, ಕನಿಷ್ಠ ವೇತನ ನಿಗದಿ ಮಾಡುವಾಗ ಮಾಲೀಕನಿಗೆ ಕೊಡೋ ಶಕ್ತಿ ಇದೆಯಾ ಅಂತ ನೋಡಬೇಕಿಲ್ಲ ಅಂತ. 1982ರಲ್ಲಿ ಏಷ್ಯನ್ ಗೇಮ್ಸ್ ಕಟ್ಟಡ ಕೆಲಸಗಾರರ ಪ್ರಕರಣದಲ್ಲಿ ಅದಕ್ಕಿಂತ ಕಡಿಮೆ ಕೊಟ್ಟು ದುಡಿಸೋದು ಬಿಟ್ಟಿ ಚಾಕರಿಗೆ ಸಮ ಅಂದಿತು.

ಮಾವ: ನಾನು ಕೊಡೋ ಊಟ, ರೂಮು ಅದರಲ್ಲಿ ಸೇರುದಿಲ್ವಾ?

ಸೊಸೆ: 1948ರ ಕಾಯ್ದೆಯಲ್ಲೇ ಕನಿಷ್ಠ ವೇತನ ನಗದಾಗಿ ಕೊಡಬೇಕು ಅಂತಿತ್ತು. ವಸ್ತುವಿನ ರೂಪದಲ್ಲಿ ಕೊಡೋ ರೂಢಿ ಇದ್ದ ಕಡೆ ಸರ್ಕಾರ ಅಧಿಸೂಚನೆಯಲ್ಲಿ ಒಪ್ಪಿದ್ರೆ ಮಾತ್ರ ಅದನ್ನ ಹಿಡಿಯಬಹುದಿತ್ತು. ನಿಮ್ಮ ಮನಸ್ಸಿಗೆ ಬಂದ ಬೆಲೆ ಕಟ್ಟೋಕಾಗಲ್ಲ. ಗಂಟೆಯ ಲೆಕ್ಕವೂ ಹಾಗೇ. ನಿಮ್ಮ ಹುಡುಗರು ಬೆಳಿಗ್ಗೆ ಐದಕ್ಕೆ ಶಟರ್ ಎತ್ತುತ್ತಾರೆ, ಮಧ್ಯಾಹ್ನ ಎರಡು ತಾಸು ಮಲಗ್ತಾರೆ, ರಾತ್ರಿ ಹತ್ತೂವರೆಗೆ ನೆಲ ಒರೆಸ್ತಾರೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48, ಅದರ ಮೇಲೆ ದುಡಿಸಿದ್ರೆ ದುಪ್ಪಟ್ಟು ಅಂತ ನಿಯಮ. ಅದನ್ನ ಹಿಡಿದು ಲೆಕ್ಕ ಹಾಕಿದ್ರೆ ಮಾತ್ರ ನಿಮ್ಮ ಸಂಬಳ ಎಷ್ಟು ಅನ್ನೋದು ಗೊತ್ತಾಗೋದು.

ಮಾವ: ಅದನ್ನ ಹಿಡಿದ್ರೆ ನನ್ನದೂ ಸೋರ್ತದೆ, ಒಪ್ತೇನೆ. ಆದ್ರೆ ನಿನ್ನ ಕಾನೂನು ಯಾರನ್ನ ಹಿಡೀತದೆ ಹೇಳು. ಇನ್ಸ್‌ಪೆಕ್ಟರು ಬಂದ್ರೆ ಬೋರ್ಡು ಇರೋ, ರಿಜಿಸ್ಟರ್ ಇರೋ ನನ್ನ ಹೋಟೆಲಿಗೇ ಬರ್ತಾರೆ. ಪುಸ್ತಕ ತೆಗೆಸಿ, ಒಂದು ತಪ್ಪು ಹುಡುಕಿ ಹೋಗ್ತಾರೆ. ಪುಸ್ತಕವೇ ಇಡದವನ ಹತ್ರ ನೋಡ್ಲಿಕ್ಕೆ ಎಂತ ಉಂಟು? ಸರಿ ಮಾಡಿದವನಿಗೇ ದಂಡ, ಮಾಡದವನಿಗೆ ಲಾಭ. ಸಂಬಳ ಏರಿಕೆ ಅಂದ ಕೂಡಲೇ ನಮ್ಮ ಅಸೋಸಿಯೇಷನ್ನು ಎದ್ದು ವಿರೋಧಿಸೋದು ಇದೇ ಕಾರಣಕ್ಕೆ. ಏರಿಕೆ ನಮ್ಮಂಥ ಕೆಲವರಿಗೆ ಮಾತ್ರ ಏರ್ತದೆ.

ಸೊಸೆ: ಹಾಗಾದ್ರೆ ಅಸೋಸಿಯೇಷನ್ ವಿರೋಧಿಸಬೇಕಾದ್ದು ಏರಿಕೆಯನ್ನಲ್ಲ, ಕಳ್ಳಾಟವನ್ನ. 2025ರ ನವೆಂಬರ್ 21ರಿಂದ ಆ 1948ರ ಕಾಯ್ದೆಯ ಬದಲಿಗೆ ವೇತನ ಸಂಹಿತೆ ಜಾರಿಗೆ ಬಂದಿದೆ. ಹಳೇ ಕಾಯ್ದೆಯಲ್ಲಿ ಕಡಿಮೆ ಕೊಟ್ಟವನಿಗೆ ದಂಡ ಅಂದ್ರೆ ಹೆಚ್ಚೆಂದ್ರೆ 500 ರೂಪಾಯಿ. ಜೈಲು ಅಂತ ಬರೆದಿತ್ತು, ಆಗಿದ್ದು ನೋಡಿದವರು ಕಡಿಮೆ. ಈಗ ಮೊದಲ ಸಲಕ್ಕೆ 50,000ದವರೆಗೆ, ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದ್ರೆ ಮೂರು ತಿಂಗಳವರೆಗೆ ಸೆರೆ, ಇಲ್ಲಾ ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅದನ್ನ ನಿಮ್ಮ ಪಕ್ಕದವನ ಮೇಲೆ ಜಾರಿ ಮಾಡಿ ಅಂತ ಕೇಳೋಕೆ ನಿಮಗಿಂತ ದೊಡ್ಡ ಹಕ್ಕು ಯಾರಿಗಿದೆ?

ಮಾವ: ಹೋಟೆಲಿನವನೇ ಹೋಟೆಲಿನವನ ಮೇಲೆ ದೂರು ಕೊಡೋದಾ? ಮಾರಾಯ್ತಿ, ನಮ್ಮಲ್ಲಿ ಅರ್ಧ ಜನ ಒಂದೇ ಊರಿನವರು, ಉಳಿದರ್ಧ ನೆಂಟರು. ಮುಂದಿನ ಮದುವೆ ಮನೆಯಲ್ಲಿ ನನಗೆ ಎಲೆ ಹಾಕೋರು ಯಾರು?

ಸೊಸೆ: ಹೆಸರು ಹಿಡಿದು ದೂರು ಬೇಡ. ಅಸೋಸಿಯೇಷನ್ ಹೆಸರಲ್ಲಿ ಬರೆದು ಕೊಡಿ: ಸಂಬಳ ಬ್ಯಾಂಕಿಗೇ ಹೋಗಬೇಕು, ಪ್ರತಿಯೊಬ್ಬರಿಗೂ ಸಂಬಳ ಚೀಟಿ ಸಿಗಬೇಕು, ತಪಾಸಣೆ ರಸ್ತೆಯ ಒಂದು ತುದಿಯಿಂದ ಶುರುವಾಗಿ ಇನ್ನೊಂದು ತುದಿಯಲ್ಲಿ ಮುಗೀಬೇಕು, ಬೋರ್ಡು ನೋಡಿ ಆರಿಸಬಾರದು. ಇಷ್ಟು ಆದ್ರೆ ಏರಿಕೆಗೆ ನಮ್ಮ ಒಪ್ಪಿಗೆ ಇದೆ ಅನ್ನಿ. ಸರ್ಕಾರ ಹೊರಡಿಸೋ ವೇತನ ಏರಿಕೆಯ ಕರಡಿಗೆ ಆಕ್ಷೇಪಣೆ ಸಲ್ಲಿಸೋಕೆ ಎರಡು ತಿಂಗಳ ಅವಕಾಶ ಇರುತ್ತೆ. ಆಕ್ಷೇಪಣೆ ಅಂದ್ರೆ ‘ಬೇಡ’ ಅಂತಲೇ ಬರೀಬೇಕು ಅಂತಿಲ್ಲ. ‘ಎಲ್ಲರಿಗೂ ಅನ್ವಯಿಸಿ’ ಅಂತಲೂ ಬರೀಬಹುದು.

ಮಾವ: ಸಭೆಯಲ್ಲಿ ಎದ್ದು ಹೀಗೆ ಹೇಳಿದ್ರೆ ನನ್ನನ್ನ ಯೂನಿಯನ್ನಿನವನು ಅಂತಾರೆ.

ಸೊಸೆ: ಅಂದ್ರೆ ನಿಮ್ಮ ಮೂರೂಕಾಲು ರೂಪಾಯಿಯ ಲೆಕ್ಕ ತೋರಿಸಿ. ಅದರ ಅಂಕಿಗಳು ಯಾವ ಯೂನಿಯನ್ನಿನವರೂ ಕೊಟ್ಟಿದ್ದಲ್ಲ, ನೀವೇ ಕೊಟ್ಟಿದ್ದು. ಇನ್ನು ಕಾನೂನಿಗೂ ಕಾಯದೆ, ಪಕ್ಕದವನಿಗೂ ಕಾಯದೆ ಇವತ್ತೇ ಆಗೋದು ಕೆಲವಿದೆ. ಹೊಸಬರಿಗೆ ಸಂಬಳ ಹೇಳುವಾಗ ಟಿಪ್ಸ್ ಸೇರಿಸಬಾರದು. ದಿನಕ್ಕೆಷ್ಟು ಗಂಟೆ ಅಂತ ಬರೆದಿಡಬೇಕು. ಗಲ್ಲದ ಹತ್ರ ಟಿಪ್ಸಿಗೆ ಬೇರೆ ಕ್ಯೂಆರ್ ಇಡಿ, ಖಾತೆ ಹುಡುಗರದ್ದೇ ಇರಲಿ, ಭಟ್ಟರಿಗೂ ಕ್ಲೀನರ್‌ಗೂ ಪಾಲು ಎಷ್ಟು ಅಂತ ಅವರೇ ಕೂತು ತೀರ್ಮಾನಿಸಲಿ.

ಮಾವ: ಕ್ಯೂಆರ್ ಇಡ್ತೇನೆ. ಟಿಪ್ಸ್ ಮಾತು ಮ್ಯಾನೇಜರ್ ಬಾಯಿಂದ ಇನ್ನು ಬಾರದ ಹಾಗೆ ನೋಡ್ಕೊಳ್ತೇನೆ. ಗಂಟೆ ಬರೆದಿಟ್ರೆ ನೀನೇ ಅದನ್ನ ಕೋರ್ಟಿಗೆ ತಗೊಂಡು ಹೋಗ್ತೀಯ.

ಸೊಸೆ: ಬರೆಯದಿದ್ರೂ ಹೋಗ್ತೀನಿ. ಬರೆದಿದ್ರೆ ನಿಮ್ಮ ಪರ ಹೇಳೋಕೆ ಏನಾದ್ರೂ ಇರುತ್ತೆ.

ಮಾವ: ಸಂಬಳ ಮಾತ್ರ ಒಬ್ಬನೇ ಮುಂದೆ ಬಿದ್ದು ಏರಿಸುದಿಲ್ಲ. ನಿನ್ನ ಡ್ಯಾನಿ ಮೆಯರ್ ನನ್ನಂಥವನಲ್ಲ, ಅವನಿಗೆ ಸೋಲ್ಲಿಕ್ಕೂ ದುಡ್ಡಿತ್ತು. ಅಸೋಸಿಯೇಷನ್‌ನಲ್ಲಿ ನನ್ನ ಹಾಗೆ ಪಿಎಫ್, ಇಎಸ್‌ಐ ಕಟ್ಟುವ ನಾಲ್ಕು ಜನ ಇದ್ದಾರೆ. ಅವರ ಹತ್ರ ಮೊದಲು ಮಾತಾಡ್ತೇನೆ. ಅವರು ಒಪ್ಪಿದ್ರೆ ಕರಡಿಗೆ ನೀನು ಹೇಳಿದ ಹಾಗೇ ಬರೀತೇವೆ. ಬರೆದು ಕೊಡೋ ಕೆಲಸ ನಿನ್ನದು, ಫೀಸು ಕೇಳ್ಬೇಡ.

ಸೊಸೆ: ಫೀಸು ಕೇಳ್ತೀನಿ ಮಾವ. ದುಡಿದದ್ದಕ್ಕೆ ಕೊಡಬೇಕು ಅಂತಲೇ ಅಲ್ವಾ ಇಷ್ಟು ಹೊತ್ತು ವಾದ ಮಾಡಿದ್ದು?